ಕಾರ್ಸೆಟ್ಟೂ ಕಿರೀಟವೂ: ಒಂದು ಕಾರ್ಯಕಾರಣ ಮೀಮಾಂಸೆ

ಯುರೋಪಿನ ಅರಸರು ಪದಚ್ಯುತರಾದದ್ದೇಕೆ ಎಂದು ಕೇಳಿದರೆ ಇತಿಹಾಸಕಾರರು ತೆರಿಗೆ, ಬರ, ರೊಟ್ಟಿಯ ಬೆಲೆ, ರೂಸೋ ಎಂದೆಲ್ಲ ಹೇಳಿಕೊಂಡು ಬಂದಿದ್ದಾರೆ. ಅವರಲ್ಲಿ ಒಬ್ಬರಾದರೂ ರಾಣಿಯ ಸೊಂಟದ ಕಡೆ ಗಮನ ಕೊಟ್ಟಿದ್ದರೆ ಅಷ್ಟು ಸಂಪುಟಗಳು ಬೇಕಾಗುತ್ತಿರಲಿಲ್ಲ; ಸಭ್ಯತೆ ಅಡ್ಡ ಬಂದಿರಬೇಕು. ನಮ್ಮ ಪ್ರಮೇಯ ಇಷ್ಟೇ: ಕಾರ್ಸೆಟ್ಟಿನ ದಾರ ಬಿಗಿಯಾಗಿರುವವರೆಗೆ ಸಿಂಹಾಸನ ಭದ್ರ, ದಾರ ಸಡಿಲವಾಯಿತೋ ಅರಸೊತ್ತಿಗೆ ಉರುಳಿತು.

ಮೊದಲು ರಚನೆಯ ವಿಚಾರ. ಹದಿನೆಂಟನೆಯ ಶತಮಾನದ ಕಾರ್ಸೆಟ್ ಎಂದರೆ ಪದರ ಪದರವಾದ ಗಟ್ಟಿ ಬಟ್ಟೆ. ಅದರಲ್ಲಿ ಒತ್ತೊತ್ತಾಗಿ ಹೊಲಿದ ಕಿರು ಸಂದುಗಳು. ಆ ಸಂದುಗಳೊಳಗೆ, ತಿಮಿಂಗಿಲದ ಬಾಯಲ್ಲಿ ಜರಡಿಯಂತೆ ಜೋತಾಡುವ, ನಮ್ಮ ಉಗುರಿನ ಜಾತಿಗೇ ಸೇರಿದ ಪಟ್ಟಿಯ ಸೀಳುಗಳು. ಎದೆಯ ನಡುವೆ ಮೇಲಿನಿಂದ ಕೆಳಕ್ಕೆ ಮರದ್ದೋ ದಂತದ್ದೋ ಒಂದು ಹಲಗೆ, ಅದೇ ಬಸ್ಕ್. ಇದನ್ನು ತೊಟ್ಟವರು ಸೊಂಟದಲ್ಲಿ ಬಾಗಲಾರರು; ಬೆನ್ನ ಹಿಂದಿನ ದಾರ ಎಳೆದು ಕಟ್ಟಲು ಇನ್ನೊಬ್ಬರು ಬೇಕು. ಯಾರಿಗೂ ಬಾಗದಿರುವುದು, ತನ್ನ ಬಟ್ಟೆಯನ್ನು ಪರರಿಂದ ಕಟ್ಟಿಸಿಕೊಳ್ಳುವುದು: ರಾಜತ್ವಕ್ಕೆ ಮೂರನೆಯ ಲಕ್ಷಣ ಯಾವುದಾದರೂ ಇದೆಯೆ? 1603ರಲ್ಲಿ ಒಂದನೆಯ ಎಲಿಜಬೆತ್ ತೀರಿಕೊಂಡಾಗ ಶವಯಾತ್ರೆಗೆಂದು ಮಾಡಿಸಿದ ಬೊಂಬೆಗೂ ಕಾರ್ಸೆಟ್ ತೊಡಿಸಿದರು. ಅದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಉಳಿದುಬಂದಿದೆ. ಸತ್ತ ರಾಣಿಯ ಬೊಂಬೆಯನ್ನೂ ಸಡಿಲ ಬಿಡುವ ಧೈರ್ಯ ಆಸ್ಥಾನಕ್ಕಿರಲಿಲ್ಲ.

ಇನ್ನು ಸಾಕ್ಷ್ಯ. 1776ರಲ್ಲಿ ‘ಕಾಮನ್ ಸೆನ್ಸ್’ ಬರೆದು ಅಮೆರಿಕದವರನ್ನು ಇಂಗ್ಲೆಂಡಿನ ದೊರೆಯ ಮೇಲೆ ಎತ್ತಿಕಟ್ಟಿದ ಥಾಮಸ್ ಪೇನ್ ಯಾರ ಮಗ? ಥೆಟ್‌ಫರ್ಡಿನ ಕಾರ್ಸೆಟ್ ಹೊಲಿಯುವವನ ಮಗ. ಅಪ್ಪನ ಕೈಕೆಳಗೆ ಅದೇ ಕಸುಬು ಕಲಿತವನು. ದಾರದ ತುದಿ ಎಲ್ಲಿದೆಯೆಂದು ತಿಳಿದವನೇ ಎಳೆದ. ಫ್ರಾನ್ಸಿನಲ್ಲಿ ಕ್ರಾಂತಿಯ ಬೆನ್ನಿಗೇ ಹೆಂಗಸರು ಸೊಂಟವನ್ನು ಎದೆಯ ಕೆಳಕ್ಕೆ ಏರಿಸಿ ತೆಳು ಮಸ್ಲಿನ್ ನಿಲುವಂಗಿ ತೊಟ್ಟರು. ಬೂರ್ಬನ್ ದೊರೆಗಳು ಮರಳಿದರು. ಕೆಲವೇ ವರ್ಷಗಳಲ್ಲಿ ಸೊಂಟವೂ ಸ್ವಸ್ಥಾನಕ್ಕೆ ಮರಳಿತು. 1829ರಲ್ಲಿ ಜೋಸೆಲಿನ್ ಎಂಬಾತ ಬಸ್ಕನ್ನು ಎರಡಾಗಿ ಸೀಳಿ, ತೊಟ್ಟವಳೇ ಮುಂದುಗಡೆಯಿಂದ ಬಿಚ್ಚಿಕೊಳ್ಳುವಂತೆ ಮಾಡಿ ಪೇಟೆಂಟ್ ಪಡೆದ. ಮರುವರ್ಷದ ಜುಲೈ ಕ್ರಾಂತಿಯಲ್ಲಿ ಹತ್ತನೆಯ ಚಾರ್ಲ್ಸ್ ಸಿಂಹಾಸನ ಕಳೆದುಕೊಂಡ. ಆದರೆ ಖುದ್ದು ಕಾರ್ಸೆಟ್ ತೊಡುತ್ತಿದ್ದ ಇಂಗ್ಲೆಂಡಿನ ನಾಲ್ಕನೆಯ ಜಾರ್ಜ್ ಅದಕ್ಕೆ ಒಂದು ತಿಂಗಳು ಮುಂಚೆ ರಾಜನಾಗಿಯೇ ಸತ್ತ. ಇದನ್ನೆಲ್ಲ ಕಾಕತಾಳೀಯ ಎನ್ನುವವರಿಗೆ ಕಾಗೆಯೂ ಗೊತ್ತಿಲ್ಲ, ತಾಳೆಯೂ ಗೊತ್ತಿಲ್ಲ.

ಪೂರ್ವಪಕ್ಷದವರು ಕೇಳುತ್ತಾರೆ: 1870ರಲ್ಲಿ ಫ್ರಾನ್ಸ್ ಮತ್ತೆ ಗಣರಾಜ್ಯವಾಯಿತು, ಸೊಂಟ ಮಾತ್ರ ಬಿಗಿದೇ ಇತ್ತಲ್ಲ? ಇತ್ತು. ಅದಕ್ಕೇ ಮರುವರ್ಷ ಆರಿಸಿಬಂದ ಸಭೆಯಲ್ಲಿ ರಾಜಪಕ್ಷದವರದೇ ಬಹುಮತ. 1914ರಲ್ಲಿ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಕಾರ್ಸೆಟ್ಟಿಗೆ ಬದಲಾಗಿ ಕರವಸ್ತ್ರದಿಂದ ಹೊಲಿದ ಬ್ರಾಗೆ ಪೇಟೆಂಟ್ ಪಡೆದಳು. ನಾಲ್ಕೇ ವರ್ಷಗಳಲ್ಲಿ ರಷ್ಯ, ಜರ್ಮನಿ, ಆಸ್ಟ್ರಿಯಗಳ ಚಕ್ರವರ್ತಿಗಳು ಮನೆಗೆ ಹೋದರು. ನಡುವೆ ಮಹಾಯುದ್ಧವೊಂದು ನಡೆಯಿತೆಂದು ಕೆಲವರು ನೆನಪಿಸುತ್ತಾರೆ. ಅಂಥ ಸಣ್ಣಪುಟ್ಟ ಕಾರಣಗಳನ್ನು ನಾವೂ ಅಲ್ಲಗಳೆಯುವುದಿಲ್ಲ. ಕಾರ್ಸೆಟ್ ಹೋದ ಮೇಲೂ ಬ್ರಿಟನ್ನಿನಲ್ಲಿ ರಾಜರಿದ್ದಾರಲ್ಲ ಎಂಬುದು ಕೊನೆಯ ಆಕ್ಷೇಪ. ಇದ್ದಾರೆ, ಆಳುತ್ತಿಲ್ಲ, ಉದ್ಘಾಟನೆಗಳಲ್ಲಿ ರಿಬ್ಬನ್ ಕತ್ತರಿಸುತ್ತಿದ್ದಾರೆ. ಇಷ್ಟಾದರೂ ಒಪ್ಪದ ವಿದ್ವಾಂಸರು ಬಸ್ಕ್ ಸಮೇತ ಕಾರ್ಸೆಟ್ ಬಿಗಿಸಿಕೊಂಡು, ನೆಲಕ್ಕೆ ಬಿದ್ದ ಪೆನ್ನನ್ನು ತಾವೇ ಬಗ್ಗಿ ಎತ್ತಿಕೊಂಡು, ಖಂಡನೆ ಬರೆದು ಕಳಿಸಬೇಕಾಗಿ ವಿನಂತಿ.