ಇಸ್ಪೀಟೂ ಒಂದು ಉದ್ಯೋಗವೇ?

ವಕೀಲಿಕೆ, ವೈದ್ಯಿಕೆ, ಅಧ್ಯಾಪನಗಳೆಂಬ ಮಾನ್ಯವೃತ್ತಿಗಳ ಪಂಕ್ತಿಯಲ್ಲಿ ಮೊಬೈಲಿನೊಳಗಣ ಪೋಕರಿಗೂ ಒಂದು ಮಣೆ ಹಾಕಬೇಕೆಂದು ಬಳ್ಳಾರಿಯ ತರುಣನೊಬ್ಬನು ವಾದಿಸಲು, ವರಾನ್ವೇಷಣೆಗೆಂದು ಸಿರುಗುಪ್ಪದಿಂದ ಆಗಮಿಸಿದ್ದ ಭತ್ತದ ರೈತರು ಕೇಳಿದ್ದು ಇಷ್ಟೇ: “ಅಲ್ಲಪ್ಪಾ, ಇದಕ್ಕ ಪಗಾರ ಯಾರು ಕೊಡ್ತಾರ?”

“ಸೋತವ್ರು ಕೊಡ್ತಾರ್ರೀ, ಮಾವಾ.”

“ನೀ ಸೋತ್ರ?”

ತರುಣನು ನಿರ್ವಿಕಾರಚಿತ್ತನಾದನು. ಮುಖದಲ್ಲಿ ಯಾವ ಭಾವವನ್ನೂ ತೋರಗೊಡದಿರುವುದು ಈ ಆಟದ ಪರಮವಿದ್ಯೆಯೇನೋ ಹೌದು. ಆದರೆ ಮುಖವೇ ಕಾಣದ ಪರದೆಯಾಟದಲ್ಲಿ ಆ ವಿದ್ಯೆಯನ್ನು ಮಾವನ ಮುಂದಲ್ಲದೆ ಇನ್ನೆಲ್ಲಿ ಪ್ರಯೋಗಿಸಬೇಕು?

ಇಂತಹ ಆಟಗಳ ಮೇಲೆ ರಾಜ್ಯವು 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿದುದೂ, 2023ರಲ್ಲಿ ನಿವ್ವಳ ಗೆಲುವಿನ ಮೇಲೆ ಶೇಕಡಾ 30ರ ಆದಾಯ ತೆರಿಗೆ ಬಿದ್ದುದೂ ಅವನಿಗೆ ತನ್ನ ಕಸುಬಿನ ಗೌರವಸಾಕ್ಷ್ಯಗಳಾಗಿ ತೋರಿದ್ದವು. ಅಷ್ಟರಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟದ ವ್ಯವಹಾರವನ್ನೇ ನಿಷೇಧಿಸಿ, ರಾಜೀನಾಮೆಯ ಕಷ್ಟವನ್ನೂ ಕೊಡದೆ ಅವನನ್ನು ನಿವೃತ್ತಗೊಳಿಸಿತು.

ದಾಳವನ್ನು ತ್ಯಜಿಸಿ ಹೊಲವನ್ನು ಉಳುವಂತೆ ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತವು ಜೂಜುಗಾರನಿಗೆ ಉಪದೇಶಿಸುತ್ತದೆ. ಆದರೆ ತುಂಗಭದ್ರೆಯ ಕಾಲುವೆಗೆ ನೀರು ಎಂದು ಬಂದೀತೆಂದು ಕಾಯುವ ಸಿರುಗುಪ್ಪದವರೂ, ದರವನ್ನರಿಯದೆ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಯ ಮಾರುಕಟ್ಟೆಗೆ ಹೊರಡುವ ಕುರುಗೋಡಿನವರೂ ಹೂಡುವುದು ಪಣವಲ್ಲದೆ ಮತ್ತೇನು? ವೇದಸಮ್ಮತವಾದ ಈ ಜೂಜನ್ನು ಯಾವ ಸಂಸತ್ತೂ ನಿಷೇಧಿಸದು. ಸೋತರೂ ಮನೆಯಲ್ಲಿ ಅನ್ನಕ್ಕೆ ಅಕ್ಕಿಯಿರುತ್ತದೆಂಬ ಅನುಕೂಲ ಬೇರೆ. ಹೆಣ್ಣು ಕೊಡುವವರು ನೋಡುವುದು ಅದನ್ನೇ.