ಶ್ರೀಮಾನ್ ಸರಾಸರಿಯವರಿಗೆ ಪೀಣ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸರಾಸರಿ ಅಂಕದವರೇ,

ಬೆಂಗಳೂರಿನ ಪೀಣ್ಯದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು ಮಾಡುವ ನಮಸ್ಕಾರಗಳು. ಈ ಕಡೆ ಎಲ್ಲರೂ ಕ್ಷೇಮ. ಪ್ರಯೋಗಾಲಯದ ಬೀರುವೂ ಕ್ಷೇಮ. ಬೀಗ ತೆಗೆದರೆ ತಾನೇ ಅದಕ್ಕೇನಾದರೂ ಆಗುವುದು?

2021ರ ನವೆಂಬರ್ 12ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಹತ್ತನೇ ತರಗತಿಯ ವಿಜ್ಞಾನಕ್ಕೆ ತಾವು 500ಕ್ಕೆ 206 ಆಗಿ ದರ್ಶನ ಕೊಟ್ಟಿರಿ. 2024ರ ಡಿಸೆಂಬರಿನ ಪರಖ್ ಸಮೀಕ್ಷೆಯಲ್ಲಿ ಒಂಬತ್ತನೇ ತರಗತಿಗೆ ನೂರಕ್ಕೆ 40. 2021ರಲ್ಲಿ ತಮ್ಮ ಬೆನ್ನ ಹಿಂದೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ ಎಂಬ ಕಾಲಂಗಳು ನಿಂತಿದ್ದವು. ಮೊದಲ ಮೂರು ಕೊನೆಯದಕ್ಕಿಂತ ಕುಳ್ಳು. ತಾವು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬಿಸಿಬೇಳೆಬಾತ್ ಮಾಡಿ ಬಡಿಸುತ್ತೀರಿ. ಯಾವ ಕಾಳು ಬೇಯಲಿಲ್ಲವೆಂದು ಉಣ್ಣುವವರಿಗೆ ಹೇಗೆ ತಿಳಿಯಬೇಕು?

ವೈಟ್‌ಫೀಲ್ಡಿನ ಒಬ್ಬ ಸಾಫ್ಟ್‌ವೇರ್ ಮಹನೀಯರು ಈ ಕಾಲಂಗಳ ಏರುಪೇರಿಗೆ ಕಾರಣ ಹೇಳಿದರು: "ಎಲ್ಲಾ ಬ್ಲಡ್ಡಲ್ಲೇ ಬರುತ್ತೆ ಸಾರ್." ಅಮೆರಿಕದಲ್ಲಿ ಮಕ್ಕಳ ಅಂಕವನ್ನು ಬಿಳಿಯರು, ಕರಿಯರು, ಹಿಸ್ಪ್ಯಾನಿಕರು, ಏಷ್ಯನ್ನರು ಎಂದು ಬೇರೆಬೇರೆ ಮಾಡಿ ನೋಡುತ್ತಾರಂತೆ, ಇವರ ತಂಗಿಯ ಮಗ ಮೇಲಿರುವ ಏಷ್ಯನ್ ಕಾಲಂನಲ್ಲಿದ್ದಾನೆ. ಸಂತೋಷ. ಆದರೆ 2009ರ ಸುತ್ತಿನ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಗೆ ಹದಿನೈದರ ಹರೆಯದವರನ್ನು ಕೂರಿಸಿದ ತಮಿಳುನಾಡು, ಹಿಮಾಚಲ ಪ್ರದೇಶಗಳು ಎಪ್ಪತ್ತಕ್ಕೂ ಹೆಚ್ಚು ನಾಡುಗಳ ಪಟ್ಟಿಯ ತಳದಲ್ಲಿ, ಕಿರ್ಗಿಸ್ತಾನದ ಮಗ್ಗುಲಲ್ಲಿ ಕೂತವು. ಅದೇ ಬ್ಲಡ್ಡು, ವೀಸಾ ಇರಲಿಲ್ಲ ಅಷ್ಟೆ. ಮುಂದಿನ ಸುತ್ತಿಗೆ ನಾವು ಹೋಗಲೇ ಇಲ್ಲ. ಮಾನ ಉಳಿಯಿತು.

ನಮ್ಮ ಎಸ್ಸೆಸ್ಸೆಲ್ಸಿ ಇದಕ್ಕಿಂತ ಸ್ವಾರಸ್ಯ. 2023ರಲ್ಲಿ ಶೇ 83.89 ಮಂದಿ ಪಾಸು. ಮರುವರ್ಷ ಕೊಠಡಿಗೆ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿಯೂ 73.40. 2025ರ ಮೊದಲ ಪರೀಕ್ಷೆಗೆ ಕೃಪೆಯೂ ಹೋಗಿ 62.34. ನೋಡಿದ ಮಾತ್ರಕ್ಕೆ ಕಣದ ನಡತೆ ಬದಲಾಗುತ್ತದೆ ಎಂಬ ಕ್ವಾಂಟಂ ಮಾತನ್ನು ಮಕ್ಕಳಿಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ. ಒಂದು ಕ್ಯಾಮೆರಾದ ವೈರು ಸಾಕಾಯಿತು. ಆಮೇಲೆ ಪಾಸಿನ ಗೆರೆಯನ್ನು 35ರಿಂದ 33ಕ್ಕೆ ಇಳಿಸಿದರು. ಬಾಗಿಲು ಹಾಗೇ ಇದೆ, ಹೊಸ್ತಿಲು ಕೆತ್ತಿದ್ದಾರೆ. ಅದೇ 2025ರಲ್ಲಿ ದಕ್ಷಿಣ ಕನ್ನಡ 91.12, ಕಲಬುರಗಿ 42.43. ವೈಟ್‌ಫೀಲ್ಡಿನ ಗೋಪುರಗಳಿಗೆ ಸಿಮೆಂಟು ಹೊರಲು ಕಲಬುರಗಿ, ಯಾದಗಿರಿಯಿಂದ ಬಂದವರ ಮಕ್ಕಳು ಯಾವ ಜಿಲ್ಲೆಯ ಲೆಕ್ಕಕ್ಕೆ ಬೀಳುತ್ತಾರೋ, ಅವರ ಅಪ್ಪನ ಮೇಸ್ತ್ರಿಯನ್ನು ಕೇಳಬೇಕು.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮೂರನೇ ಬೆಂಚಿನ ಹುಡುಗನ ಅಪ್ಪ ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದಾರೆ. ತಾಮ್ರದ ಶುದ್ಧೀಕರಣದ ಪ್ರಶ್ನೆಗೆ ಹುಡುಗ ಬರೆದ: "ತೊಟ್ಟಿಗೆ ಕರೆಂಟು ಬಿಟ್ಟರೆ ದಪ್ಪ ತಗಡು ಸವೆಯುತ್ತೆ, ತೆಳ್ಳನೆಯದು ದಪ್ಪ ಆಗುತ್ತೆ, ಗಸಿ ಕೆಳಗೆ ನಿಲ್ಲುತ್ತೆ." ಕಣ್ಣಾರೆ ಕಂಡವನ ಉತ್ತರ. ಆನೋಡು, ಕ್ಯಾಥೋಡು ಎಂಬ ಪದ ಇಲ್ಲವಲ್ಲ ಎಂದು ನಾನು ಅರ್ಧ ಅಂಕ ಕೊಟ್ಟೆ. ತಾವು 40ರಲ್ಲೇ ಉಳಿಯಲು ನನ್ನ ಕಾಣಿಕೆಯೂ ಇದೆ ಸ್ವಾಮಿ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದು ಚಂದ್ರನ ಮೇಲಾದರೂ, ಇಳಿಸಿದ್ದು ಇಲ್ಲೇ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ. ಸುಮಾರು 3.84 ಲಕ್ಷ ಕಿಲೋಮೀಟರ್ ಆಚೆಗೆ ಸಂದೇಶ ಮುಟ್ಟಿಸುವ ಬಡಾವಣೆಯಲ್ಲಿ ಬೀರುವಿನ ಬೀಗದಕೈ ಸ್ಟಾಫ್ ರೂಮಿನಿಂದ ಕ್ಲಾಸಿಗೆ ಮುಟ್ಟಿಲ್ಲ.

ಒಮ್ಮೆ ತಾವೇ ದಯಮಾಡಿಸಿ. ಪೀಣ್ಯ ಇಂಡಸ್ಟ್ರಿ ಮೆಟ್ರೊದಲ್ಲಿ ಇಳಿದರೆ ಆಟೋ ಸಿಗುತ್ತದೆ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸರಾಸರಿ ಹುಡುಗ ಒಬ್ಬನೂ ನನ್ನ ಕ್ಲಾಸಿಗೆ ಸೇರಿಲ್ಲ, ನೋಡುವ ಆಸೆ. ಬರುವಾಗ ಜಾತಿ ಪ್ರಮಾಣಪತ್ರ ಮರೆಯಬೇಡಿ, ದಾಖಲಾತಿ ಪುಸ್ತಕದ ಆ ಕಾಲಂ ಖಾಲಿ ಬಿಡುವಂತಿಲ್ಲ.

ಇಂತಿ ತಮ್ಮ,
ಅರ್ಧ ಅಂಕದ ಮೇಷ್ಟ್ರು