ಕೊಯ್ಯದ ಕತ್ತಿಗಳು

ನಮ್ಮೂರು ಅಘನಾಶಿನಿಯಲ್ಲಿ ಕತ್ತಿಯಿಲ್ಲದ ಮನೆಯಿಲ್ಲ. ಅಡುಗೆಮನೆಯಲ್ಲಿ ಮೆಟ್ಟುಗತ್ತಿ, ತೋಟಕ್ಕೆ ಹೊರಟವನ ಸೊಂಟದ ಕೊಕ್ಕೆಯಲ್ಲಿ ಒಂದು, ಗದ್ದೆ ಕೊಯ್ಲಿಗೆ ಹಲ್ಲುಗತ್ತಿ, ಎಳನೀರು ಕೆತ್ತಲು ಮತ್ತೊಂದು. ಇಷ್ಟಿದ್ದೂ ಕತ್ತಿ ನೋಡಿಕೊಳ್ಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಆಚಾರಿಯನ್ನು ಬಿಟ್ಟರೆ ಯಾರೂ ಇಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸ್ಯೂ ಬ್ರನಿಂಗ್ ಎಂಬವರಿದ್ದಾರೆ, ಯುರೋಪಿನ ಆರಂಭಿಕ ಮಧ್ಯಯುಗದ ವಸ್ತುಗಳೆಲ್ಲ ಅವರ ಸುಪರ್ದಿಗೆ, ಅದರಲ್ಲೂ ಕತ್ತಿಯೆಂದರೆ ಜೀವ, 2019ರಲ್ಲಿ ಅದರ ಮೇಲೊಂದು ದಪ್ಪ ಪುಸ್ತಕ ಬರೆದಿದ್ದಾರೆ ಎಂದು ನಾನು ಮನೆಯಲ್ಲಿ ವಿವರಿಸಿದೆ. ಅಮ್ಮಮ್ಮ ಹಲಸಿನಕಾಯಿ ಹೆಚ್ಚುತ್ತಲೇ ಕೇಳಿದಳು: "ಕೊಯ್ಯಲೆ ಬರ್ದೇ ಇದ್ದ ಕತ್ತಿ ಇಟ್ಗಂಡು ಎಂತ ಮಾಡ್ತ್ರಡ?"

ಪ್ರಶ್ನೆ ನ್ಯಾಯವಾದದ್ದೇ. ಆ ಮ್ಯೂಸಿಯಮ್ಮಿನ ಹೆಸರಾಂತ ಕತ್ತಿಯೊಂದು ಕೊಯ್ಯುವುದಿರಲಿ, ಒರೆಯಿಂದ ಹೊರಗೇ ಬರುವುದಿಲ್ಲ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ದಿಬ್ಬ ಅಗೆದಾಗ ಹಡಗಿನ ಸಮೇತ ಹೂಳಿದ್ದ ಏಳನೇ ಶತಮಾನದ ಸಮಾಧಿ ಸಿಕ್ಕಿತು. ಅದರಲ್ಲಿದ್ದ ಈ ಕತ್ತಿಯ ಹಿಡಿಕೆಯ ಚಿನ್ನ, ಕೆಂಪು ಹರಳು ಎಲ್ಲ ಹೊಸದರಂತೆ ಉಳಿದಿದ್ದವು. ಅಲಗು ಮಾತ್ರ ತುಕ್ಕು ಹಿಡಿದು ಒರೆಗೇ ಅಂಟಿಕೊಂಡಿತ್ತು. ಕಬ್ಬಿಣದ ಸಲಾಕೆಗಳನ್ನು ಹೊಸೆದು, ಕಾಯಿಸಿ ಬಡಿದು ಒಂದು ಮಾಡಿದ ಆ ಅಲಗಿನ ವಿನ್ಯಾಸ ಕಾಣಬೇಕಾದರೆ ಎಕ್ಸ್‌ರೇ ತೆಗೆಯಬೇಕು. ಬೀಸುವುದಂತೂ ದೂರದ ಮಾತು. ಕ್ಯುರೇಟರ್ ಎಂದರೆ ಕತ್ತಿವರಸೆಯವರೆಂದು ತಿಳಿದು ಈ ಕೆಲಸಕ್ಕೆ ಬಂದವರಿಗೆ ಸಿಗುವುದು ಕೈಗವಸು, ಅಳತೆಪಟ್ಟಿ ಮತ್ತು ದಾಖಲೆ ಪುಸ್ತಕ.

ಆದರೆ ಬ್ರನಿಂಗ್ ಸುಮ್ಮನೆ ಕೂರಲಿಲ್ಲ. ಹಿಡಿಕೆಯ ತುದಿಯ ಚಿನ್ನ ಎಲ್ಲಿ ಸವೆದಿದೆ ಎಂದು ನೋಡಿದರು. ಸೊಂಟದಲ್ಲಿ ನೇತಾಡುವ ಕತ್ತಿಯ ಮೇಲೆ ಕೈಯಿಟ್ಟು ನಿಲ್ಲುವುದು ಗತ್ತಿನವರ ಅಭ್ಯಾಸ. ಆ ಸವೆತ ಬಲಗೈಯವನಿಗೆ ಹೊಂದುತ್ತಿರಲಿಲ್ಲ. ಕತ್ತಿಯ ಒಡೆಯ ಎಡಚನಿರಬೇಕು ಎಂದು ಅವರ ಊಹೆ. ಅವನ ಮೈ ಹುಳಿಮಣ್ಣಿನಲ್ಲಿ ಕರಗಿಹೋಗಿತ್ತು. ರೆಡ್ವಾಲ್ಡ್ ಎಂಬ ರಾಜ ಇರಬಹುದು ಎನ್ನುತ್ತಾರೆ, ಹೆಸರು ಬರೆದ ಚೀಟಿಯೇನೂ ಸಿಕ್ಕಿಲ್ಲ. ಹೆಸರು ಗೊತ್ತಿಲ್ಲ, ಎಡಚ ಎಂಬುದು ಗೊತ್ತು! ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರದಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಗೋತ್ರ, ನಕ್ಷತ್ರ ಎಲ್ಲ ಮೊದಲೇ ಬಂದಿರುತ್ತವೆ, ಎಡಚನೆಂಬುದು ಮದುವೆಯ ಊಟದಲ್ಲಿ ತಿಳಿಯುತ್ತದೆ.

ಇದೇ ವಿದ್ಯೆಯನ್ನು ಹೊನ್ನಾವರದ ಗುಣವಂತೆಗೂ ಒಯ್ಯಬಹುದು ಎಂದು ನನಗೊಂದು ಆಸೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು ಅದು. ಯಕ್ಷಗಾನದ ಮರದ ಕತ್ತಿಗಳಲ್ಲಿ ಬಣ್ಣ ಎಲ್ಲಿ ಸವೆದಿದೆ ಎಂದು ನೋಡಿದರೆ ಯಾವ ಅರ್ಜುನ ಎಡಚ, ಯಾವ ಕೌರವನಿಗೆ ಕೈ ಬೆವರುತ್ತಿತ್ತು ಎಂದು ಹೇಳಬಹುದೇನೋ. ಅರ್ಜುನನ ವಿಷಯದಲ್ಲಿ ಮಾತ್ರ ಈ ಸಂಶೋಧನೆ ಕೈಕೊಡುತ್ತದೆ. ಸವ್ಯಸಾಚಿ, ಎರಡೂ ಕೈ ನಡೆಯುತ್ತದೆ.

ನಮ್ಮಲ್ಲಿ ಸಟನ್ ಹೂ ಕಾಲದ ಕಬ್ಬಿಣದ ಕತ್ತಿ ಹುಡುಕಲು ಹೊರಟರೆ ಕಷ್ಟ. ಮಿರ್ಜಾನ ಕೋಟೆಯನ್ನು ಪುರಾತತ್ವ ಇಲಾಖೆಯವರು ಅಗೆದಾಗ ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು, ಪೋರ್ಚುಗೀಸರ ನಾಣ್ಯ ಸಿಕ್ಕಿದವು. ಅವೆಲ್ಲ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲದ, ಅದರ ಆಚೀಚಿನ ಮಾತು. ಇನ್ನೂ ಒಂಬೈನೂರು ವರ್ಷ ಹಿಂದಿನ ಕಬ್ಬಿಣ ಈ ಹವೆಯಲ್ಲಿ ಬಾಳುವುದು ಹೇಗೆ? ನೆಲದಿಂದೆದ್ದ ಕಬ್ಬಿಣದೊಳಗೆ ಉಪ್ಪಿನಂಶ ಕೂತಿರುತ್ತದೆ. ಗಾಳಿಯ ತೇವವನ್ನು ಶೇ 20ಕ್ಕಿಂತ ಕೆಳಗಿಟ್ಟರೆ ಮಾತ್ರ ತುಕ್ಕು ಸುಮಾರಾಗಿ ಸುಮ್ಮನಿರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ, ಹೊಳೆಯ ಎದುರು ದಡದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ. ಆಷಾಢದಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯುವುದಿಲ್ಲ, ಕತ್ತಿಯ ಮಾತೆಲ್ಲಿ.

ಹಾಗೆಂದು ನಮ್ಮವರು ಕತ್ತಿಯನ್ನು ಉಳಿಸಲಿಲ್ಲವೆಂದಲ್ಲ, ಕಲ್ಲಿನಲ್ಲಿ ಉಳಿಸಿದರು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗವೋ ಜಿನನೋ. ಅಲ್ಲಿ ವೀರ ಕತ್ತಿಯನ್ನು ಹೇಗೆ ಹಿಡಿದಿದ್ದ, ಅದು ಎಷ್ಟು ಉದ್ದ, ಗುರಾಣಿ ಯಾವ ಕೈಯಲ್ಲಿ ಎಲ್ಲವೂ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಕತ್ತಿ ಉಳಿದು ಹೆಸರು ಹೋಯಿತು. ನಮ್ಮಲ್ಲಿ ಹೆಸರಷ್ಟೇ ಅಲ್ಲ, ನಾಯಿಯ ಹೆಸರೂ ಉಳಿದಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ನೋಡಿ. 949ರ ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬ ವೀರ ಮೆರೆದ. ಅರಸ ಮೆಚ್ಚಿ ಏನು ಬೇಕೆಂದು ಕೇಳಿದರೆ ಅವನು ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು, ನಾಯಿಗೆ ಕಲ್ಲು ನಿಂತಿತು.

ಇದರ ಬಾಲ ಇನ್ನೂ ಸೊಗಸು. ಕಲ್ಲನ್ನು ನೋಡಿಕೊಳ್ಳುವ ಗೊರವನಿಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂದು ಬರೆಸಿದರು. ಒಂದು ರೀತಿಯಲ್ಲಿ ಇದು ಸಂಬಳವೂ ಸೇವಾ ನಿಯಮವೂ ಇದ್ದ ಕ್ಯುರೇಟರ್ ಹುದ್ದೆಯೇ. ಇಂದಿನ ನೇಮಕಾತಿ ಆದೇಶದಲ್ಲಿ ಈ ಷರತ್ತು ಸೇರಿಸಿದರೆ ಊಟದ ಬಿಡುವಿಗೆ ಮೊದಲು ಕಚೇರಿ ಬೀಗ ಹಾಕುವವರು ಸ್ವಲ್ಪ ಯೋಚಿಸಿಯಾರು.

ಮತ್ತೆ ಕತ್ತಿಗೆ ಬಂದರೆ, ನಾರ್ವೆಯ ಯಾನ್ ಪೀಟರ್ಸನ್ 1919ರಲ್ಲಿ ವೈಕಿಂಗರ ಕತ್ತಿಗಳನ್ನು ಹಿಡಿಕೆ ನೋಡಿ ವಿಂಗಡಿಸಿ ಎ ಬಿ ಸಿ ಎಂದು ಅಕ್ಷರ ಕೊಟ್ಟ. ವೀರಗಲ್ಲಿನ ಕತ್ತಿಗಳಿಗೂ ಯಾರಾದರೂ ಹಾಗೆ ಮಾಡಬೇಕು. ನಮ್ಮ ವರ್ಣಮಾಲೆ ದೊಡ್ಡದು, ಜಾಗ ಸಾಕಾಗುತ್ತದೆ. ಅದಕ್ಕೆ ಎಕ್ಸ್‌ರೇ ಬೇಡ. ಪಡಿಯಚ್ಚಿನ ಕಾಗದ, ಕುಂಚ, ಮಸಿ, ಮತ್ತೆ ಊರವರ ಒಪ್ಪಿಗೆ ಇದ್ದರಾಯಿತು. ಕೊನೆಯದೇ ಕಠಿಣ. ಕಲ್ಲು ಅಲ್ಲಿ ಬೀರನೋ ಜಟಕನೋ ಆಗಿ ಎಣ್ಣೆ, ಕುಂಕುಮ ಹತ್ತಿಸಿಕೊಂಡು ಕೂತಿರುತ್ತದೆ. ಮಸಿ ಹಿಡಿದು ಹೋದವನಿಗೆ ಮೊದಲು ತೆಂಗಿನಕಾಯಿ ಒಡೆಸುತ್ತಾರೆ, ಆಮೇಲೆ ಊರಿನ ಹಿರಿಯರು ಅವನ ಮನೆಹೆಸರು ಕೇಳುತ್ತಾರೆ, ಅದಾದ ಮೇಲೆ ಕಲ್ಲು ತೊಳೆದು ಮಳೆ ತಪ್ಪಿದರೆ ಹೊಣೆ ಯಾರು ಎಂಬ ಚರ್ಚೆ ಸಂಜೆಯವರೆಗೆ ನಡೆಯುತ್ತದೆ.